ಪೈಥಾನ್‌ನಲ್ಲಿ ಕನ್ನಡ ಪದಗಳ ಪಟ್ಟಿ: ಬಿಡಿಸುವುದು, ಜೋಡಿಸುವುದು, ಅಕಾರಾದಿಯಲ್ಲಿ ಇಡುವುದು

ಪಠ್ಯವನ್ನು ಬಳಸುವ ಯಾವುದೇ ಪ್ರೋಗ್ರಾಮನ್ನು ತೆಗೆದುಕೊಂಡರೂ ಅದರ ನಡುವೆ ಸ್ಟ್ರಿಂಗ್‌ಗಳ, ಅಂದರೆ ಪಠ್ಯದ ತುಣುಕುಗಳ, ಒಂದು ಪಟ್ಟಿ ಇದ್ದೇ ಇರುತ್ತದೆ. ನಿಘಂಟಿನ ಪದಗಳು, ಫಾರಂನಲ್ಲಿ ತುಂಬಿದ ಊರುಗಳ ಹೆಸರು, ಒಂದು ವಚನದ ಸಾಲುಗಳು, ಕಡತದಿಂದ ಓದಿದ ಪಂಕ್ತಿಗಳು ಎಲ್ಲವೂ ಕೊನೆಗೆ ಇದೇ ರೂಪಕ್ಕೆ ಬರುತ್ತವೆ. ಇದನ್ನು ಕಲಿಸುವ ಪಾಠಗಳಲ್ಲಿ ಉದಾಹರಣೆಗಳು ಸಾಮಾನ್ಯವಾಗಿ ಇಂಗ್ಲಿಷ್ ಪದಗಳೇ ಆಗಿರುತ್ತವೆ, ಮತ್ತು ಇಂಗ್ಲಿಷಿನಲ್ಲಿ ಕಣ್ಣಿಗೆ ಕಾಣುವ ಒಂದು ಅಕ್ಷರಕ್ಕೆ ಕಂಪ್ಯೂಟರಿನ ಒಳಗೂ ಒಂದೇ ಸಂಕೇತ ಇರುವುದರಿಂದ ವಿಷಯದ ಅರ್ಧಭಾಗ ಅಲ್ಲಿ ಮುಚ್ಚಿಹೋಗುತ್ತದೆ. ಕನ್ನಡದ ಪದಗಳನ್ನು ಅದೇ ಪಟ್ಟಿಯಲ್ಲಿಟ್ಟರೆ ಮೂರು ಹಂತಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ: ಮೇಲೆ ಪಟ್ಟಿ, ಅದರೊಳಗೆ ಸ್ಟ್ರಿಂಗ್, ಸ್ಟ್ರಿಂಗಿನೊಳಗೆ ಕೋಡ್ ಪಾಯಿಂಟ್‌ಗಳು, ಅಂದರೆ ಪ್ರತಿ ಚಿಹ್ನೆಗೂ ಕಂಪ್ಯೂಟರಿನಲ್ಲಿರುವ ಸಂಖ್ಯೆಗಳು. ನಾವು ಅಕ್ಷರವೆಂದು ಕರೆಯುವುದು ಕೊನೆಯ ಎರಡರ ನಡುವೆ ಎಲ್ಲೋ ಇದೆ, ಮತ್ತು ಅದಕ್ಕೆ ಭಾಷೆಯಲ್ಲಿ ಸಿದ್ಧವಾದ ಜಾಗವಿಲ್ಲ. ಪ್ರೋಗ್ರಾಮ್ ತಪ್ಪು ಉತ್ತರ ಕೊಟ್ಟಾಗ ಹೆಚ್ಚಿನ ಸಲ ಕಾರಣವೆಂದರೆ ಬರೆದವರು ಒಂದು ಹಂತದಲ್ಲಿ ನಿಂತು ಇನ್ನೊಂದು ಹಂತದ ಕೆಲಸವನ್ನು ಕೇಳಿರುವುದು.

ಇಲ್ಲಿ ಪೈಥಾನ್ ಭಾಷೆಯನ್ನು ಆರಿಸಿಕೊಂಡಿದ್ದೇನೆ. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0ರಿಂದ ಅದರ ಪ್ರತಿಯೊಂದು ಸ್ಟ್ರಿಂಗೂ ಯೂನಿಕೋಡ್ (ಜಗತ್ತಿನ ಲಿಪಿಗಳ ಚಿಹ್ನೆಗಳಿಗೆ ಸಂಖ್ಯೆ ಕೊಡುವ ಮಾನಕ) ಸ್ಟ್ರಿಂಗೇ ಆಗಿದೆ. ಕನ್ನಡಕ್ಕಾಗಿ ಪ್ರತ್ಯೇಕ ಏರ್ಪಾಟು ಬೇಕಾಗಿಲ್ಲ. ಆಜ್ಞೆಗಳ ಹೆಸರನ್ನು ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ, ಪ್ರೋಗ್ರಾಮಿನಲ್ಲಿ ಅವನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು. ವೇರಿಯಬಲ್‌ಗಳ ಹೆಸರು ಮಾತ್ರ ಕನ್ನಡದಲ್ಲಿಯೇ ಇರಬಹುದು. ಪೈಥಾನ್ 3 ಅದನ್ನು ಒಪ್ಪುತ್ತದೆ. ಹಾಗಾಗಿ ಕೆಳಗಿನ ಸಾಲು ಇದ್ದಹಾಗೆಯೇ ಓಡುತ್ತದೆ:

ಊರುಗಳು = ["ಮೈಸೂರು", "ಮಂಡ್ಯ", "ಹಾಸನ", "ಶಿವಮೊಗ್ಗ"]

ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಊರುಗಳು[0] ಎಂದರೆ "ಮೈಸೂರು". ಊರುಗಳು[-1] ಎಂದರೆ ಹಿಂದಿನಿಂದ ಮೊದಲನೆಯದು, ಅಂದರೆ "ಶಿವಮೊಗ್ಗ". ಊರುಗಳು[1:3] ಎಂದು ಕೇಳಿದರೆ "ಮಂಡ್ಯ" ಮತ್ತು "ಹಾಸನ" ಇರುವ ಹೊಸ ಪಟ್ಟಿ ಸಿಗುತ್ತದೆ, ಏಕೆಂದರೆ ಮೇಲಿನ ಮಿತಿಯ ಸ್ಥಾನ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ ಊರುಗಳು[0][0] ಎಂದು ಕೇಳಿದರೆ ಉತ್ತರ "ಮೈ" ಅಲ್ಲ, "ಮ". ಈ ಚಿಕ್ಕ ವ್ಯತ್ಯಾಸ ಮುಂದೆ ದೊಡ್ಡದಾಗಲಿದೆ.

ಪಟ್ಟಿಯನ್ನು ಬರೆಯುವಾಗಲೇ ನುಸುಳುವ ಒಂದು ದೋಷವಿದೆ. ಎರಡು ಸ್ಟ್ರಿಂಗ್‌ಗಳ ನಡುವಿನ ಅಲ್ಪವಿರಾಮ ಬಿಟ್ಟುಹೋದರೆ ಪೈಥಾನ್ ದೂರು ಹೇಳುವುದಿಲ್ಲ. ಅಕ್ಕಪಕ್ಕದ ಸ್ಟ್ರಿಂಗ್‌ಗಳನ್ನು ಸೇರಿಸಿ ಒಂದು ಮಾಡುವುದು ಅದರ ನಿಯಮ. ["ಮೈಸೂರು" "ಮಂಡ್ಯ", "ಹಾಸನ"] ಎಂಬುದರಲ್ಲಿ ಮೂರು ಊರುಗಳಿಲ್ಲ, "ಮೈಸೂರುಮಂಡ್ಯ" ಮತ್ತು "ಹಾಸನ" ಎಂಬ ಎರಡೇ ಇವೆ. ಉದ್ದದ ಪಟ್ಟಿಯನ್ನು ಸಾಲಿಗೊಂದರಂತೆ ಬರೆದು, ಕೊನೆಯ ಸಾಲಿನ ನಂತರವೂ ಅಲ್ಪವಿರಾಮ ಹಾಕುವ ರೂಢಿ ಬಂದಿರುವುದಕ್ಕೆ ಇದೂ ಒಂದು ಕಾರಣ.

ಈಗ ಮುಖ್ಯವಾದ ಮಾತು. ಪಟ್ಟಿ ಬದಲಾಗಬಲ್ಲದು, ಸ್ಟ್ರಿಂಗ್ ಬದಲಾಗದು. ಊರುಗಳು[2] = "ಹಾವೇರಿ" ಎಂದರೆ ಮೂರನೆಯ ಸ್ಥಾನದಲ್ಲಿ ಹಾಸನದ ಬದಲು ಹಾವೇರಿ ಕೂರುತ್ತದೆ. ಆದರೆ ಊರುಗಳು[2][0] = "ಕ" ಎಂದು "ಹಾವೇರಿ"ಯೊಳಗಿನ ಒಂದು ಚಿಹ್ನೆಯನ್ನು ತಿದ್ದಲು ಹೊರಟರೆ ಟೈಪ್‌ಎರರ್ ಎಂಬ ದೋಷದ ಸಂದೇಶ ಬರುತ್ತದೆ. ಸ್ಟ್ರಿಂಗ್ ಒಮ್ಮೆ ಸೃಷ್ಟಿಯಾದರೆ ಮುಗಿಯಿತು; ಅದರ ಮೇಲೆ ನಡೆಯುವ ಸ್ಟ್ರಿಪ್ (ಎರಡೂ ತುದಿಯ ಖಾಲಿ ಜಾಗ ತೆಗೆಯುವುದು), ರಿಪ್ಲೇಸ್ (ಒಂದರ ಬದಲು ಇನ್ನೊಂದನ್ನು ಇಡುವುದು) ಮೊದಲಾದ ಎಲ್ಲ ಕ್ರಿಯೆಗಳೂ ಮೂಲವನ್ನು ಮುಟ್ಟದೆ ಹೊಸ ಸ್ಟ್ರಿಂಗನ್ನು ತಯಾರಿಸಿ ಕೈಗೆ ಕೊಡುತ್ತವೆ. ಕೊಟ್ಟದ್ದನ್ನು ನಾವು ಎಲ್ಲಿಯೂ ಇಟ್ಟುಕೊಳ್ಳದಿದ್ದರೆ ಅದು ಕಳೆದುಹೋಗುತ್ತದೆ. ಹೊಸದಾಗಿ ಕಲಿಯುವವರು ಫಾರ್ ಲೂಪಿನಲ್ಲಿ ಪ್ರತಿ ಪದಕ್ಕೂ ಸ್ಟ್ರಿಪ್ ಹಚ್ಚಿ, ಲೂಪ್ ಮುಗಿದ ಮೇಲೆ ಪಟ್ಟಿಯಲ್ಲಿ ಖಾಲಿ ಜಾಗಗಳು ಹಾಗೆಯೇ ಉಳಿದಿರುವುದನ್ನು ಕಂಡು ಗೊಂದಲಕ್ಕೊಳಗಾಗುವುದು ಇದೇ ಕಾರಣಕ್ಕೆ. ಲೂಪಿನ ವೇರಿಯಬಲ್‌ಗೆ ಹೊಸ ಬೆಲೆ ಕೊಟ್ಟರೂ ಪಟ್ಟಿಯ ಸ್ಥಾನಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಆ ವೇರಿಯಬಲ್ ಪದವನ್ನು ತೋರಿಸುವ ಮತ್ತೊಂದು ಹೆಸರು ಮಾತ್ರ. ಸರಿಯಾದ ದಾರಿಯೆಂದರೆ ಲಿಸ್ಟ್ ಕಾಂಪ್ರಹೆನ್ಶನ್: ಹಳೆಯ ಪಟ್ಟಿಯ ಪ್ರತಿ ಪದವನ್ನೂ ಸ್ಟ್ರಿಪ್ ಮಾಡಿ ಬಂದ ಫಲಿತಾಂಶಗಳಿಂದ ಹೊಸ ಪಟ್ಟಿಯನ್ನು ಕಟ್ಟಿ, ಅದಕ್ಕೆ ಹೆಸರು ಕೊಡುವುದು. ಒಂದು ಸಾಲಿನ ಕೆಲಸ. ಓದುವವರಿಗೂ ಉದ್ದೇಶ ಸ್ಪಷ್ಟವಾಗಿರುತ್ತದೆ.

ಪಟ್ಟಿಯ ಹಂತದಲ್ಲಿ ಇದಕ್ಕೆ ತದ್ವಿರುದ್ಧವಾದ ಅಡಚಣೆ ಎದುರಾಗುತ್ತದೆ. ಸಾರ್ಟ್ ಎಂಬ ಕ್ರಿಯೆ ಪಟ್ಟಿಯನ್ನು ಅದರ ಜಾಗದಲ್ಲಿಯೇ ಜೋಡಿಸುತ್ತದೆ, ಏನನ್ನೂ ಹಿಂದಿರುಗಿಸುವುದಿಲ್ಲ. ಆದ್ದರಿಂದ ಸಾರ್ಟ್ ಮಾಡಿದ್ದನ್ನು ಮತ್ತೆ ಅದೇ ಹೆಸರಿಗೆ ಕೊಟ್ಟರೆ ಆ ಹೆಸರಿನಲ್ಲಿ ಪಟ್ಟಿ ಉಳಿಯದೆ ಏನೂ ಇಲ್ಲ ಎಂದು ಸೂಚಿಸುವ ನನ್ ಎಂಬ ಬೆಲೆ ಕೂರುತ್ತದೆ. ಮೂಲವನ್ನು ಉಳಿಸಿಕೊಂಡು ಜೋಡಿಸಿದ ಪ್ರತಿಯನ್ನು ಪಡೆಯಲು ಸಾರ್ಟೆಡ್ ಎಂಬ ಬೇರೆ ಫಂಕ್ಷನ್ ಇದೆ. ಹಾಗೆಯೇ, ಒಂದು ಪಟ್ಟಿಗೆ ಎರಡನೆಯ ಹೆಸರು ಕೊಟ್ಟ ಮಾತ್ರಕ್ಕೆ ಎರಡನೆಯ ಪಟ್ಟಿ ಹುಟ್ಟುವುದಿಲ್ಲ. ಒಂದು ಹೆಸರಿನಲ್ಲಿ ಮಾಡಿದ ಬದಲಾವಣೆ ಇನ್ನೊಂದರಲ್ಲೂ ಕಾಣುತ್ತದೆ. ಬೇರೆಯ ಪ್ರತಿ ಬೇಕಿದ್ದರೆ ಕಾಪಿ ಎಂದು ಕೇಳಿಯೇ ಪಡೆಯಬೇಕು. ಒಳಗಿನ ಸ್ಟ್ರಿಂಗ್‌ಗಳು ಬದಲಾಗದ ಕಾರಣ ಸ್ಟ್ರಿಂಗ್‌ಗಳ ಪಟ್ಟಿಗೆ ಮೇಲುಪದರದ ಇಂಥ ಪ್ರತಿ ಧಾರಾಳವಾಗಿ ಸಾಕು.

ಒಂದು ಪದವನ್ನು ಸೇರಿಸಲು ಅಪೆಂಡ್, ಇನ್ನೊಂದು ಪಟ್ಟಿಯ ಎಲ್ಲವನ್ನೂ ಸೇರಿಸಲು ಎಕ್ಸ್‌ಟೆಂಡ್. ಇವೆರಡನ್ನು ಅದಲು ಬದಲು ಮಾಡಿ ಎಕ್ಸ್‌ಟೆಂಡ್‌ಗೆ "ಹಾಸನ" ಎಂಬ ಒಂದೇ ಸ್ಟ್ರಿಂಗ್ ಕೊಟ್ಟರೆ, ಪೈಥಾನ್ ಆ ಸ್ಟ್ರಿಂಗನ್ನೇ ಒಂದು ಸರಣಿಯೆಂದು ಎಣಿಸಿ "ಹ", "ಾ", "ಸ", "ನ" ಎಂಬ ನಾಲ್ಕು ತುಣುಕುಗಳನ್ನು ಪಟ್ಟಿಗೆ ಸೇರಿಸುತ್ತದೆ. ದೀರ್ಘದ ಚಿಹ್ನೆ ಒಂಟಿಯಾಗಿ ಪರದೆಯ ಮೇಲೆ ಕಂಡರೆ ಎಲ್ಲೋ ಹಂತ ತಪ್ಪಿದೆ ಎಂದು ತಿಳಿಯಬಹುದು.

ಒಂದು ಉದ್ದದ ಸ್ಟ್ರಿಂಗನ್ನು ಪಟ್ಟಿ ಮಾಡುವುದು ಸ್ಪ್ಲಿಟ್, ಪಟ್ಟಿಯನ್ನು ಮತ್ತೆ ಒಂದು ಸ್ಟ್ರಿಂಗ್ ಮಾಡುವುದು ಜಾಯಿನ್. ಜನರು ಕೈಯಿಂದ ತುಂಬಿದ ಮಾಹಿತಿ ಎಂದೂ ಅಚ್ಚುಕಟ್ಟಾಗಿರುವುದಿಲ್ಲ. "ಮೈಸೂರು, ಮಂಡ್ಯ ,ಹಾಸನ,,ಶಿವಮೊಗ್ಗ" ಎಂಬ ಸಾಲನ್ನು ಅಲ್ಪವಿರಾಮದಲ್ಲಿ ಸ್ಪ್ಲಿಟ್ ಮಾಡಿದರೆ ಸಿಗುವುದು ಇದು:

["ಮೈಸೂರು", " ಮಂಡ್ಯ ", "ಹಾಸನ", "", "ಶಿವಮೊಗ್ಗ"]

ಮಂಡ್ಯದ ಎರಡೂ ಬದಿಗೆ ಖಾಲಿ ಜಾಗ ಅಂಟಿಕೊಂಡಿದೆ, ಮತ್ತು ಎರಡು ಅಲ್ಪವಿರಾಮಗಳ ನಡುವಿನ ಏನೂ ಇಲ್ಲದ ಜಾಗ ಒಂದು ಖಾಲಿ ಸ್ಟ್ರಿಂಗ್ ಆಗಿ ಬಂದಿದೆ. ಪ್ರತಿ ತುಣುಕನ್ನೂ ಸ್ಟ್ರಿಪ್ ಮಾಡಿ, ಅದಾದ ಮೇಲೆ ಖಾಲಿ ಉಳಿದವುಗಳನ್ನು ಬಿಡುವುದು ಸರಿಯಾದ ಅನುಕ್ರಮ. ಮೊದಲು ಖಾಲಿಯನ್ನು ಬಿಟ್ಟು ಆಮೇಲೆ ಸ್ಟ್ರಿಪ್ ಮಾಡಿದರೆ, ಬರೀ ಸ್ಪೇಸ್ ಮಾತ್ರ ಇದ್ದ ತುಣುಕು ಪರೀಕ್ಷೆಯನ್ನು ದಾಟಿ ಹೋಗಿ ನಂತರ ಖಾಲಿಯಾಗಿ ಉಳಿದುಬಿಡುತ್ತದೆ. ಸ್ಪ್ಲಿಟ್‌ಗೆ ಏನನ್ನೂ ಕೊಡದೆ ಕರೆದರೆ ಸ್ಪೇಸ್, ಟ್ಯಾಬ್, ಹೊಸ ಸಾಲು ಎಲ್ಲವನ್ನೂ ಗಡಿಯೆಂದು ಎಣಿಸಿ, ಸಾಲಾಗಿ ಬಂದ ಎಷ್ಟೇ ಸ್ಪೇಸ್‌ಗಳನ್ನೂ ಒಂದೇ ಗಡಿಯೆಂದು ನೋಡುತ್ತದೆ; ವಾಕ್ಯವನ್ನು ಪದಗಳಾಗಿ ಬಿಡಿಸಲು ಅದೇ ಉತ್ತಮ. ಉಲ್ಲೇಖ ಚಿಹ್ನೆಗಳ ಒಳಗೂ ಅಲ್ಪವಿರಾಮ ಬರಬಹುದಾದ ಸಿಎಸ್‌ವಿ (ಬೆಲೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ) ಕಡತವಾದರೆ ಸ್ಪ್ಲಿಟ್ ಸಾಲದು, ಅದಕ್ಕೆಂದೇ ಇರುವ ಸಿಎಸ್‌ವಿ ಮಾಡ್ಯೂಲನ್ನು ಬಳಸಬೇಕು.

ಜಾಯಿನ್ ಪಟ್ಟಿಯ ಕ್ರಿಯೆಯಲ್ಲ, ಜೋಡಿಸುವ ಸ್ಟ್ರಿಂಗಿನ ಕ್ರಿಯೆ ಎಂಬುದು ಮೊದಲಿಗೆ ವಿಚಿತ್ರವೆನಿಸುತ್ತದೆ: ", " ಎಂಬ ಸ್ಟ್ರಿಂಗಿಗೆ ಪಟ್ಟಿಯನ್ನು ಒಪ್ಪಿಸಬೇಕು. ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆ ಇದ್ದರೂ ಅದು ಟೈಪ್‌ಎರರ್ ಕೊಟ್ಟು ನಿಲ್ಲುತ್ತದೆ. ಸಾವಿರಾರು ತುಣುಕುಗಳನ್ನು ಲೂಪಿನಲ್ಲಿ ಕೂಡಿಸುವ ಚಿಹ್ನೆಯಿಂದ ಒಂದೊಂದಾಗಿ ಸೇರಿಸುವುದಕ್ಕಿಂತ ಪಟ್ಟಿಯಲ್ಲಿ ಕೂಡಿಟ್ಟು ಕೊನೆಗೊಮ್ಮೆ ಜಾಯಿನ್ ಮಾಡುವುದು ಯಾವಾಗಲೂ ಮೇಲು. ಸ್ಟ್ರಿಂಗ್ ಬದಲಾಗದ ಕಾರಣ ಪ್ರತಿ ಸಲ ಕೂಡಿಸಿದಾಗಲೂ ಅದುವರೆಗಿನ ಪಠ್ಯವೆಲ್ಲ ಹೊಸ ಜಾಗಕ್ಕೆ ನಕಲಾಗಬೇಕಾಗಬಹುದು, ಮತ್ತು ಪಠ್ಯ ಬೆಳೆದಂತೆ ಆ ನಕಲಿನ ಭಾರ ವರ್ಗದ ಪ್ರಮಾಣದಲ್ಲಿ ಏರುತ್ತದೆ.

ಇಷ್ಟು ಎಲ್ಲ ಭಾಷೆಗಳ ಪಠ್ಯಕ್ಕೂ ಅನ್ವಯಿಸುವ ಮಾತು. ಕನ್ನಡದ ವಿಶೇಷ ಇಲ್ಲಿಂದ ಆರಂಭವಾಗುತ್ತದೆ, ಮತ್ತು ಇದನ್ನು ಕನ್ನಡದಲ್ಲಿ ಪ್ರೋಗ್ರಾಮ್ ಬರೆಯುವ ಪ್ರತಿಯೊಬ್ಬರೂ ತಿಳಿದಿರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಯೂನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಕೊಟ್ಟಿದೆ. "ಅ" 3205, "ಕ" 3221, ದೀರ್ಘದ ಚಿಹ್ನೆ "ಾ" 3262, ಹಲಂತದ ಚಿಹ್ನೆ "್" 3277. ಸ್ವರಗಳಿಗೆ ಒಂದೊಂದು, ವ್ಯಂಜನಗಳಿಗೆ ಒಂದೊಂದು, ಸ್ವರಚಿಹ್ನೆಗಳಿಗೆ ಒಂದೊಂದು ಸಂಖ್ಯೆ ಇದೆ. ಗುಣಿತಾಕ್ಷರಕ್ಕಾಗಲಿ ಒತ್ತಕ್ಷರಕ್ಕಾಗಲಿ ಪ್ರತ್ಯೇಕ ಸಂಖ್ಯೆ ಇಲ್ಲ. "ನ್ನ" ಎಂಬುದು "ನ", "್", "ನ" ಎಂಬ ಮೂರು ಕೋಡ್ ಪಾಯಿಂಟ್‌ಗಳ ಸರಣಿ, ಅದನ್ನು ಒಂದು ಒತ್ತಕ್ಷರವಾಗಿ ಚಿತ್ರಿಸುವುದು ಫಾಂಟಿನ ಕೆಲಸ. ಪೈಥಾನ್ ಎಣಿಸುವುದು ಕೋಡ್ ಪಾಯಿಂಟ್‌ಗಳನ್ನು. ಆದ್ದರಿಂದ ಲೆನ್ ಫಂಕ್ಷನ್ "ಕನ್ನಡ"ದ ಉದ್ದವನ್ನು 5 ಎನ್ನುತ್ತದೆ, "ಕರ್ನಾಟಕ"ದ ಉದ್ದವನ್ನು 7 ಎನ್ನುತ್ತದೆ. ಶಾಲೆಯ ಮಗುವನ್ನು ಕೇಳಿದರೆ 3 ಮತ್ತು 4 ಎಂದು ಹೇಳುತ್ತದೆ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದ ಕಡತದಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೂ 3 ಬೈಟ್ ಬೇಕಾಗುವುದರಿಂದ ಅದೇ "ಕರ್ನಾಟಕ" ಡಿಸ್ಕಿನಲ್ಲಿ 21 ಬೈಟ್ ಹಿಡಿಯುತ್ತದೆ. ಮೂರು ಲೆಕ್ಕವೂ ಸರಿ, ಪ್ರಶ್ನೆಗಳು ಮಾತ್ರ ಬೇರೆ.

ಪದವನ್ನು ತಿರುಗಿಸುವ ಸಣ್ಣ ಪ್ರಯೋಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪದ[::-1] ಎಂದರೆ ಸ್ಟ್ರಿಂಗನ್ನು ಹಿಂದುಮುಂದಾಗಿ ಓದುವುದು. "ಕನ್ನಡ"ಕ್ಕೆ ಇದನ್ನು ಹಚ್ಚಿದರೆ "ಡನ್ನಕ" ಬರುತ್ತದೆ, ಅದು ನಮ್ಮ ನಿರೀಕ್ಷೆಗೆ ಸರಿಯಾಗಿಯೇ ಇದೆ. ಆದರೆ ಅದು ಆಕಸ್ಮಿಕ: "ನ್ನ" ಸಜಾತೀಯ ಒತ್ತಕ್ಷರವಾದ್ದರಿಂದ ನ, ್, ನ ಎಂಬ ಸರಣಿ ಯಾವ ಕಡೆಯಿಂದ ಓದಿದರೂ ಒಂದೇ. "ಕರ್ನಾಟಕ"ವನ್ನು ತಿರುಗಿಸಿದರೆ "ಕಟಾನ್ರಕ" ಎಂಬ ಅರ್ಥವಿಲ್ಲದ ಪದ ಬರುತ್ತದೆ, ಬರಬೇಕಾದದ್ದು "ಕಟರ್ನಾಕ". ದೀರ್ಘದ ಚಿಹ್ನೆ ನಕಾರವನ್ನು ಬಿಟ್ಟು ಟಕಾರಕ್ಕೆ ಹತ್ತಿದೆ, ಒತ್ತು ಅದಲು ಬದಲಾಗಿದೆ. ಪರೀಕ್ಷೆಗೆ "ಕನ್ನಡ" ಎಂಬ ಪದವನ್ನೇ ಬಳಸುವವರು ಹೆಚ್ಚಾಗಿರುವುದರಿಂದ ಇಂಥ ದೋಷ ಬಹಳ ಕಾಲ ಕಣ್ತಪ್ಪಿಸಿಕೊಂಡು ಉಳಿಯುತ್ತದೆ. "ವಿಕಟಕವಿ" ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ. ತೆನಾಲಿ ರಾಮನ ಕತೆ ಕೇಳಿದ ಯಾರಿಗಾದರೂ ಅದು ಎರಡೂ ಕಡೆಯಿಂದ ಒಂದೇ ಎಂದು ಗೊತ್ತು, ಆದರೆ ಪೈಥಾನ್ ಒಪ್ಪುವುದಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಆ ಪದದ ಕೊನೆಯ ಚಿಹ್ನೆ ಗುಡಿಸು, ಮೊದಲ ಚಿಹ್ನೆ ವಕಾರ.

ತಲೆಬರಹಗಳನ್ನು ಇಷ್ಟೇ ಅಕ್ಷರಕ್ಕೆ ಕತ್ತರಿಸುವಾಗಲೂ ಇದೇ ತೊಂದರೆ. "ಕರ್ನಾಟಕ"ದ ಮೊದಲ ಎರಡು ಕೋಡ್ ಪಾಯಿಂಟ್ ತೆಗೆದರೆ "ಕರ" ಎಂದಾಗುತ್ತದೆ, ಮೂರು ತೆಗೆದರೆ "ಕರ್". ಕತ್ತರಿ ಬಿದ್ದ ಜಾಗದಲ್ಲಿ ಪದ ಬರೀ ಮೊಟಕಾಗುವುದಿಲ್ಲ, ಬೇರೆಯೇ ಪದವಾಗಿಬಿಡುತ್ತದೆ.

ಪರಿಹಾರವೆಂದರೆ ಪದವನ್ನು ಅಕ್ಷರಗಳ ಪಟ್ಟಿಯಾಗಿ ಬಿಡಿಸುವ ಒಂದು ಚಿಕ್ಕ ಫಂಕ್ಷನ್ ಬರೆದುಕೊಳ್ಳುವುದು. ಖಾಲಿ ಪಟ್ಟಿಯಿಂದ ಆರಂಭಿಸಿ ಪದದ ಕೋಡ್ ಪಾಯಿಂಟ್‌ಗಳನ್ನು ಒಂದೊಂದಾಗಿ ನೋಡಬೇಕು. ಎದುರಾದದ್ದು ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತದ ಚಿಹ್ನೆಯಾಗಿದ್ದರೆ ಅದನ್ನು ಪಟ್ಟಿಯ ಕೊನೆಯ ತುಣುಕಿಗೆ ಹಚ್ಚಬೇಕು. ಎದುರಾದದ್ದು ವ್ಯಂಜನವಾಗಿದ್ದು ಪಟ್ಟಿಯ ಕೊನೆಯ ತುಣುಕು ಹಲಂತದಲ್ಲಿ ಮುಗಿದಿದ್ದರೆ, ಅದು ಒತ್ತಕ್ಷರದ ಭಾಗವಾದ್ದರಿಂದ ಆಗಲೂ ಕೊನೆಯ ತುಣುಕಿಗೇ ಹಚ್ಚಬೇಕು. ಇವೆರಡೂ ಅಲ್ಲದಿದ್ದರೆ ಹೊಸ ತುಣುಕನ್ನು ಅಪೆಂಡ್ ಮಾಡಬೇಕು. "ಕರ್ನಾಟಕ"ವನ್ನು ಕೈಯಿಂದಲೇ ಓಡಿಸಿ ನೋಡಿದರೆ ಪಟ್ಟಿ ಬೆಳೆಯುವ ಬಗೆ ಹೀಗಿದೆ:

["ಕ"]
["ಕ", "ರ"]
["ಕ", "ರ್"]
["ಕ", "ರ್ನ"]
["ಕ", "ರ್ನಾ"]
["ಕ", "ರ್ನಾ", "ಟ"]
["ಕ", "ರ್ನಾ", "ಟ", "ಕ"]

ಇಲ್ಲಿ ಕೊನೆಯ ತುಣುಕಿಗೆ ಹಚ್ಚುವುದು ಎಂದರೆ ಆ ಸ್ಟ್ರಿಂಗನ್ನು ತಿದ್ದುವುದಲ್ಲ. ಹಳೆಯದಕ್ಕೆ ಹೊಸ ಚಿಹ್ನೆ ಕೂಡಿದ ಮತ್ತೊಂದು ಸ್ಟ್ರಿಂಗನ್ನು ತಯಾರಿಸಿ ಪಟ್ಟಿಯ ಅದೇ ಸ್ಥಾನದಲ್ಲಿ ಇಡುವುದು. ಬದಲಾಗುವ ಪಟ್ಟಿ, ಬದಲಾಗದ ಸ್ಟ್ರಿಂಗ್ ಎಂಬ ಮೊದಲಿನ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಯಾವ ಚಿಹ್ನೆ ಅವಲಂಬಿತ ಎಂದು ತಿಳಿಯಲು ಪೈಥಾನಿನ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲಿನ ಕ್ಯಾಟಗರಿ ಫಂಕ್ಷನನ್ನು ಕೇಳಬಹುದು. ಉತ್ತರ ದೊಡ್ಡ ಎಂ ಅಕ್ಷರದಿಂದ ಆರಂಭವಾದರೆ ಅದು ಹಿಂದಿನದಕ್ಕೆ ಅಂಟಿಕೊಳ್ಳುವ ಚಿಹ್ನೆ. ಒಮ್ಮೆ ಅಕ್ಷರಗಳ ಪಟ್ಟಿ ಕೈಗೆ ಬಂದರೆ ಉದ್ದ, ತಿರುಗಿಸುವುದು, ಕತ್ತರಿಸುವುದು ಎಲ್ಲವೂ ಪಟ್ಟಿಯ ಹಂತದ ಸಾಮಾನ್ಯ ಕೆಲಸಗಳಾಗುತ್ತವೆ. ಮುಗಿದ ಮೇಲೆ ಖಾಲಿ ಸ್ಟ್ರಿಂಗಿನಿಂದ ಜಾಯಿನ್ ಮಾಡಿದರಾಯಿತು.

ಇದಕ್ಕೆ ಸಿದ್ಧ ಸಾಧನವಿಲ್ಲವೇ ಎಂದು ಕೇಳಬಹುದು. ಮಾದರಿ ಕೊಟ್ಟು ಪಠ್ಯವನ್ನು ಹುಡುಕುವ ರೆಜೆಕ್ಸ್ ಎಂಬ ಹೆಚ್ಚುವರಿ ಮಾಡ್ಯೂಲಿನಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ದೊಡ್ಡ ಎಕ್ಸ್ ಬರೆದರೆ ಯೂನಿಕೋಡಿನ ನಿಯಮದಂತೆ ಬಳಕೆದಾರರು ಕಾಣುವ ಅಕ್ಷರಗಳು ಸಿಗುತ್ತವೆ. ಅದು ಸ್ವರಚಿಹ್ನೆಗಳನ್ನು ಸರಿಯಾಗಿ ಹಿಡಿದಿಡುತ್ತದೆ. ಆದರೆ ಒತ್ತಕ್ಷರಗಳನ್ನು ಒಡೆಯಬಾರದೆಂಬ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂದಾಗ ಅದರ ವ್ಯಾಪ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ನಿಯಮದಂತೆ "ಕನ್ನಡ" ಎಂಬುದು ಕ, ನ್, ನ, ಡ ಎಂದು ನಾಲ್ಕಾಗಿ ಒಡೆಯುತ್ತದೆ. ಆದ್ದರಿಂದ ಒತ್ತಕ್ಷರವನ್ನು ಇಡಿಯಾಗಿ ಬಯಸುವ ಪದಬಂಧ, ಛಂದಸ್ಸಿನ ಗಣವಿಭಾಗ ಮೊದಲಾದ ಕೆಲಸಗಳಿಗೆ ಮೇಲಿನ ಸ್ವಂತ ಫಂಕ್ಷನನ್ನೇ ನಾನು ನಂಬುತ್ತೇನೆ.

ಹಾಗೆಂದು ಅಕ್ಷರದ ಹಂತವೇ ಎಲ್ಲ ಕೆಲಸಕ್ಕೂ ಸರಿ ಎಂದಲ್ಲ. ನಿಘಂಟಿನ ಪದಗಳನ್ನು ಕಕಾರ, ಖಕಾರ ಎಂದು ವಿಭಾಗಿಸಬೇಕಾದಾಗ "ಕಾಡು", "ಕೊಡೆ", "ಕ್ಷಮೆ" ಮೂರೂ ಕಕಾರದ ಕೆಳಗೆ ಬರಬೇಕು. ಅಲ್ಲಿ ಮೊದಲ ಕೋಡ್ ಪಾಯಿಂಟನ್ನು ನೋಡುವುದೇ ನಮಗೆ ಬೇಕಾದ ಉತ್ತರ.

ಅತಿ ಹೆಚ್ಚು ಹಾನಿ ಮಾಡುವ ದೋಷ ಇರುವುದು ಪಠ್ಯದಿಂದ ಪದಗಳನ್ನು ಹೆಕ್ಕುವ ಕಡೆ. ಪೈಥಾನಿನ ಸ್ವಂತ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲಿನಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಎಂದರೆ ಪದದಲ್ಲಿ ಬರುವ ಚಿಹ್ನೆ ಎಂದು ಪಾಠಗಳು ಹೇಳುತ್ತವೆ. ಆದರೆ ಆ ಮಾಡ್ಯೂಲ್ ಸ್ವತಂತ್ರ ಅಕ್ಷರಗಳನ್ನೂ ಅಂಕಿಗಳನ್ನೂ ಅಡಿಗೆರೆಯನ್ನೂ ಮಾತ್ರ ಹಾಗೆ ಪರಿಗಣಿಸುತ್ತದೆ. ನಮ್ಮ ಸ್ವರಚಿಹ್ನೆ, ಅನುಸ್ವಾರ, ಹಲಂತ ಯಾವುದೂ ಅದರಲ್ಲಿ ಸೇರಿಲ್ಲ. ಪರಿಣಾಮವಾಗಿ "ಕನ್ನಡ" ಎಂಬ ಪದವನ್ನು ಹುಡುಕಿಸಿದರೆ ["ಕನ", "ನಡ"] ಎಂಬ ಪಟ್ಟಿ ಬರುತ್ತದೆ. ಇಸ್‌ಆಲ್ಫಾ ಎಂಬ ಪರೀಕ್ಷೆಗೂ ಇದೇ ಸ್ವಭಾವ: "ಸರಳ" ಎಂಬುದನ್ನು ಅಕ್ಷರಗಳಿಂದಾದ ಪದವೆಂದು ಒಪ್ಪುತ್ತದೆ, "ಕನ್ನಡ" ಎಂಬುದನ್ನು ಒಪ್ಪುವುದಿಲ್ಲ. ಚಿಹ್ನೆಗಳನ್ನು ಸೋಸಲು ಈ ಪರೀಕ್ಷೆಯನ್ನು ಪಟ್ಟಿಗೆ ಹಚ್ಚಿದರೆ ಸ್ವರಚಿಹ್ನೆ ಅಥವಾ ಒತ್ತು ಇರುವ ಪದಗಳೆಲ್ಲ, ಅಂದರೆ ಬಹುಪಾಲು ಕನ್ನಡವೇ, ಸದ್ದಿಲ್ಲದೆ ಬಿದ್ದುಹೋಗುತ್ತದೆ. ದೋಷದ ಸಂದೇಶವೂ ಬರುವುದಿಲ್ಲ. ಪದಗಳ ಆವೃತ್ತಿ ಎಣಿಸುವವರು, ಭಾಷಾ ಮಾದರಿಗಳಿಗೆ ಪಠ್ಯ ಸಿದ್ಧಪಡಿಸುವವರು ಇದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಡಬ್ಲ್ಯೂ ಗುರುತನ್ನು ಬಿಟ್ಟು ಕನ್ನಡ ವಲಯದ ಮೊದಲ ಮತ್ತು ಕೊನೆಯ ಕೋಡ್ ಪಾಯಿಂಟ್‌ಗಳ ನಡುವಿನದೆಲ್ಲ ಎಂದು ಸ್ಪಷ್ಟವಾಗಿ ಬರೆದು, ಅದಕ್ಕೆ ಕೆಳಗೆ ಹೇಳುವ ಎರಡು ಅದೃಶ್ಯ ಚಿಹ್ನೆಗಳನ್ನೂ ಸೇರಿಸಿದರೆ ಪದಗಳು ಇಡಿಯಾಗಿ ಸಿಗುತ್ತವೆ.

ಒಂದೇ ರೀತಿ ಕಾಣುವ ಎರಡು ಪದಗಳು ಸಮವಲ್ಲ ಎಂದು ಪ್ರೋಗ್ರಾಮ್ ಹೇಳಿದಾಗ ನೋಡಬೇಕಾದ ಜಾಗಗಳು ಮೂರು. ಮೊದಲನೆಯದು ಅದೃಶ್ಯ ಚಿಹ್ನೆಗಳು. "ಸಾಫ್ಟ್‌ವೇರ್" ಎಂದು ಬರೆಯುವಾಗ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯಲು ನಾವು ಶೂನ್ಯ ಅಗಲದ ಒಂದು ಚಿಹ್ನೆಯನ್ನು ಹಾಕುತ್ತೇವೆ, ಅದರ ಸಂಖ್ಯೆ 8204. ರ‍್ಯಾಂಕ್ ಎಂಬಲ್ಲಿ ರಕಾರವನ್ನು ಇಡಿಯಾಗಿ ಉಳಿಸಲು 8205 ಬರುತ್ತದೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಸ್ಟ್ರಿಪ್ ಇವನ್ನು ಖಾಲಿ ಜಾಗವೆಂದು ಎಣಿಸುವುದಿಲ್ಲವಾದ್ದರಿಂದ ತೆಗೆಯುವುದೂ ಇಲ್ಲ. ಇವನ್ನು ಮೂಲ ಪಠ್ಯದಿಂದಲೇ ಅಳಿಸಿಬಿಡುವುದು ತಪ್ಪು, ಏಕೆಂದರೆ ಪರದೆಯ ಮೇಲೆ ಪದದ ರೂಪ ಕೆಡುತ್ತದೆ. ಮೂಲವನ್ನು ಹಾಗೆಯೇ ಇಟ್ಟು, ಹೋಲಿಕೆಗೆಂದು ಮಾತ್ರ ಅವಿಲ್ಲದ ಒಂದು ಪ್ರತಿಯನ್ನು ತಯಾರಿಸಿಕೊಳ್ಳಬೇಕು.

ಎರಡನೆಯದು ಒಂದೇ ಸ್ವರಚಿಹ್ನೆಯನ್ನು ಎರಡು ಬಗೆಯಲ್ಲಿ ಬರೆಯಬಹುದಾದ ಸಾಧ್ಯತೆ. ಓಕಾರದ ಚಿಹ್ನೆಗೆ ಒಂದೇ ಕೋಡ್ ಪಾಯಿಂಟ್ ಇದೆ. ಜೊತೆಗೆ ಎಕಾರ, ಊಕಾರ ಮತ್ತು ದೀರ್ಘಗುರುತು ಎಂಬ ಮೂರು ಕೋಡ್ ಪಾಯಿಂಟ್‌ಗಳ ಸರಣಿಯಾಗಿಯೂ ಅದು ಬರಬಹುದು. "ಕೋಟೆ" ಮೊದಲ ರೂಪದಲ್ಲಿ 4 ಕೋಡ್ ಪಾಯಿಂಟ್, ಎರಡನೆಯ ರೂಪದಲ್ಲಿ 6. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಹೇಳುತ್ತದೆ, ಆದರೆ ಪೈಥಾನಿನ ಸಮಾನ ಚಿಹ್ನೆ ಹೇಳುವುದಿಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನಿನಿಂದ ಎಲ್ಲ ಪದಗಳನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಂಡರೆ ಈ ಭೇದ ಅಳಿಯುತ್ತದೆ. ಪಠ್ಯ ಒಳಗೆ ಬರುವ ಬಾಗಿಲಲ್ಲಿಯೇ ಇದನ್ನು ಮಾಡುವುದು ಒಳ್ಳೆಯದು.

ಮೂರನೆಯದು ಕಡತದ ಎನ್‌ಕೋಡಿಂಗ್ ಯಾವುದೆಂದು ಸೂಚಿಸಲು ಅದರ ಆರಂಭದಲ್ಲಿ ಬರುವ ಬಿಒಎಂ ಗುರುತು. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ ಆಗಿ ಉಳಿಸಿದ ಕಡತವನ್ನು ಸಾಮಾನ್ಯ ಯುಟಿಎಫ್-8 ಎಂದು ತೆರೆದರೆ ಪಟ್ಟಿಯ ಮೊದಲ ಪದಕ್ಕೆ ಮಾತ್ರ ಈ ಅದೃಶ್ಯ ಗುರುತು ಅಂಟಿರುತ್ತದೆ. ಉಳಿದೆಲ್ಲ ಊರುಗಳೂ ಸಿಕ್ಕಿ ಮೊದಲನೆಯ ಊರು ಮಾತ್ರ ಹುಡುಕಾಟದಲ್ಲಿ ಸಿಗದಿದ್ದರೆ ಕಾರಣ ಬಹುಶಃ ಇದೇ. ಎನ್‌ಕೋಡಿಂಗ್ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ ಸಿಗ್ ಎಂದು ಸೇರಿಸಿ ತೆರೆದರೆ ಪೈಥಾನ್ ಆ ಗುರುತನ್ನು ತಾನೇ ತೆಗೆಯುತ್ತದೆ. ಇನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳ ಒಳಗೆ ಇರುವುದು ಕನ್ನಡದ ಕೋಡ್ ಪಾಯಿಂಟ್‌ಗಳೇ ಅಲ್ಲ. ಅವನ್ನು ಯೂನಿಕೋಡಿಗೆ ಪರಿವರ್ತಿಸದೆ ಇಲ್ಲಿ ಹೇಳಿದ ಯಾವುದನ್ನೂ ಮಾಡಲಾಗದು.

ಪದಗಳು ಹೀಗೆ ಒಂದು ರೂಪಕ್ಕೆ ಬಂದ ಮೇಲೆ ಪುನರಾವರ್ತನೆ ತೆಗೆಯುವುದು ಸುಲಭ. ಪಟ್ಟಿಯನ್ನು ಸೆಟ್ ಮಾಡಿದರೆ ಒಂದೊಂದೇ ಉಳಿಯುತ್ತದೆ, ಆದರೆ ಅನುಕ್ರಮ ಹೋಗುತ್ತದೆ. ಅನುಕ್ರಮವೂ ಬೇಕಾದರೆ ಡಿಕ್ಟ್‌ನ (ಪ್ರತಿ ಕೀಲಿಗೂ ಒಂದು ಬೆಲೆ ಇಡುವ ಕೋಶದ) ಫ್ರಮ್‌ಕೀಸ್ ಬಳಸಬಹುದು, ಪೈಥಾನ್ 3.7ರಿಂದ ಡಿಕ್ಟ್ ತನಗೆ ಸೇರಿಸಿದ ಕ್ರಮವನ್ನು ಕಾಪಾಡುತ್ತದೆ. ಒಂದು ಪದ ಇದೆಯೇ ಎಂದು ಪದೇ ಪದೇ ಕೇಳುವ ಕೆಲಸಕ್ಕೂ ಸೆಟ್ಟೇ ಸರಿ. ಪಟ್ಟಿಯಾದರೆ ಪ್ರತಿ ಸಲವೂ ಮೊದಲಿನಿಂದ ಒಂದೊಂದಾಗಿ ಹೋಲಿಸುತ್ತಾ ಹೋಗುತ್ತದೆ.

ಕೊನೆಗೆ ಅಕಾರಾದಿ. ಪೈಥಾನಿನ ಸಾರ್ಟ್ ವೇಗವಾದದ್ದು, ಸ್ಥಿರವಾದದ್ದು, ಅಂದರೆ ಸಮವಾದವುಗಳ ಮೊದಲಿನ ಅನುಕ್ರಮವನ್ನು ಕೆಡಿಸದು. 2002ರಲ್ಲಿ ಟಿಮ್ ಪೀಟರ್ಸ್ ರೂಪಿಸಿದ ಟಿಮ್‌ಸಾರ್ಟ್ ವಿಧಾನ ಅದರ ಅಡಿಪಾಯ. ಆದರೆ ಏನನ್ನೂ ಹೇಳದಿದ್ದರೆ ಅದು ಕೋಡ್ ಪಾಯಿಂಟ್‌ಗಳ ಸಂಖ್ಯೆಯನ್ನು ಹೋಲಿಸುತ್ತದೆ. ಕನ್ನಡಕ್ಕೆ ಇದು ಬಹುಮಟ್ಟಿಗೆ ಸರಿಹೊಂದುತ್ತದೆ: ಸ್ವರಗಳು ಮೊದಲು, ವ್ಯಂಜನಗಳು ಆಮೇಲೆ, ಸ್ವರಚಿಹ್ನೆಗಳು ವ್ಯಂಜನಗಳ ನಂತರ, ಹಲಂತ ಅವೆಲ್ಲದರ ನಂತರ ಇರುವುದರಿಂದ "ಕಡಲು", "ಕಾಡು", "ಕೌಶಲ", "ಕ್ರಮ" ಎಂಬ ಅನುಕ್ರಮ ತಾನಾಗಿಯೇ ಬರುತ್ತದೆ. ಎಡವುವುದು ಳಕಾರದಲ್ಲಿ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ, ಆದರೆ ಅದರ ಸಂಖ್ಯೆ 3251. ಲಕಾರ 3250, ವಕಾರ 3253, ಹಕಾರ 3257. ಯೂನಿಕೋಡ್ ಭಾರತೀಯ ಲಿಪಿಗಳನ್ನು 1988ರ ಇಸ್ಕಿ ಎಂಬ ಭಾರತೀಯ ಮಾನಕದ ಮಾದರಿಯಲ್ಲಿ ಜೋಡಿಸಿತು, ಮತ್ತು ಆ ಮಾದರಿಯಲ್ಲಿ ಎಲ್ಲ ಲಿಪಿಗಳ ಸಮಾನ ಅಕ್ಷರಗಳೂ ತಮ್ಮ ತಮ್ಮ ವಲಯದ ಒಂದೇ ಸ್ಥಾನದಲ್ಲಿರಬೇಕಿತ್ತು; ದೇವನಾಗರಿಯ ಳಕಾರ ಲಕಾರದ ಪಕ್ಕದಲ್ಲಿದ್ದುದರಿಂದ ನಮ್ಮದೂ ಅಲ್ಲಿಯೇ ಕುಳಿತಿತು. ಅದರ ಫಲ ಇದು:

["ಬಲ", "ಬಳಗ", "ಬಳೆ", "ಬವಣೆ", "ಬಸವ", "ಬಹಳ"]

ಕನ್ನಡ ಓದುಗರು ನಿರೀಕ್ಷಿಸುವುದು "ಬಲ", "ಬವಣೆ", "ಬಸವ", "ಬಹಳ", "ಬಳಗ", "ಬಳೆ". ಇದನ್ನು ಪಡೆಯಲು ಸಾರ್ಟ್‌ಗೆ ಕೀ ಎಂಬ ಹೆಸರಿನಲ್ಲಿ ಒಂದು ಫಂಕ್ಷನನ್ನು ಕೊಡಬೇಕು. ವರ್ಣಮಾಲೆಯನ್ನು ನಮಗೆ ಬೇಕಾದ ಕ್ರಮದಲ್ಲಿ ಒಂದೇ ಸ್ಟ್ರಿಂಗಾಗಿ ಬರೆದು, ಪ್ರತಿ ಚಿಹ್ನೆಗೂ ಅದರಲ್ಲಿನ ಸ್ಥಾನವನ್ನು ಹೇಳುವ ಡಿಕ್ಟ್ ಒಂದನ್ನು ಕಟ್ಟಿ, ಪದವನ್ನು ಆ ಸ್ಥಾನಸಂಖ್ಯೆಗಳ ಪಟ್ಟಿಯಾಗಿ ಬದಲಿಸುವುದೇ ಆ ಫಂಕ್ಷನಿನ ಕೆಲಸ. ಸಂಖ್ಯೆಗಳ ಪಟ್ಟಿಗಳನ್ನು ಪೈಥಾನ್ ಎಡದಿಂದ ಬಲಕ್ಕೆ ಹೋಲಿಸುತ್ತದೆ, ಒಂದು ಮೊದಲೇ ಮುಗಿದರೆ ಅದನ್ನು ಮುಂದಿಡುತ್ತದೆ. ನಿಘಂಟಿನ ಪದ್ಧತಿಯೂ ಅದೇ. ಕೀ ಫಂಕ್ಷನ್ ಪ್ರತಿ ಪದಕ್ಕೂ ಒಮ್ಮೆ ಮಾತ್ರ ಓಡುವುದರಿಂದ ದೊಡ್ಡ ಪಟ್ಟಿಗೂ ಹೊರೆಯಾಗುವುದಿಲ್ಲ. ಅದರೊಳಗೇ ಎನ್‌ಎಫ್‌ಸಿ ಮಾಡಿ ಅದೃಶ್ಯ ಚಿಹ್ನೆಗಳನ್ನು ತೆಗೆದರೆ "ಸಾಫ್ಟ್‌ವೇರ್" ಪದದ ಎರಡು ಬರಹಗಳು ಪಕ್ಕಪಕ್ಕದಲ್ಲಿ ಬರುತ್ತವೆ, ಮೂಲದ ರೂಪವೂ ಉಳಿಯುತ್ತದೆ.

ಈ ಸ್ಟ್ರಿಂಗನ್ನು ಬರೆಯುವಾಗ ಒಂದೆರಡು ನಿರ್ಧಾರಗಳನ್ನು ಸಂಪಾದಕರೇ ಮಾಡಬೇಕಾಗುತ್ತದೆ. ಅನುಸ್ವಾರದ ಸಂಖ್ಯೆ 3202, ಅಂದರೆ ಎಲ್ಲ ಅಕ್ಷರಗಳಿಗಿಂತ ಮೊದಲು. ಹಾಗಾಗಿ ಸಂಖ್ಯೆಯ ಕ್ರಮದಲ್ಲಿ "ಕಂಬ" ಬರುವುದು "ಕಡಲು" ಪದಕ್ಕಿಂತ ಮುಂದೆ. ಕಾಗುಣಿತದ ಕ್ರಮವನ್ನು ಅನುಸರಿಸಬೇಕೆಂದರೆ ಅದು ಕೌ ಆದ ಮೇಲೆ, ಒತ್ತಕ್ಷರಗಳಿಗಿಂತ ಮೊದಲು ಬರಬೇಕು. ಹಳಗನ್ನಡದ ಪಠ್ಯದಲ್ಲಿ ಬರುವ ೞಕಾರದ ಸಂಖ್ಯೆ 3294, ಹಲಂತಕ್ಕಿಂತಲೂ ಆಚೆ; ಸಾರ್ಟ್ ಅದನ್ನು ಒತ್ತಕ್ಷರಗಳಿಗೂ ಹಿಂದೆ ತಳ್ಳುತ್ತದೆ. ಈ ಅಕ್ಷರಕ್ಕೆ ಯೂನಿಕೋಡಿನಲ್ಲಿ ಮೊದಲು ತಪ್ಪಾಗಿ ಫ ಎಂಬ ಉಚ್ಚಾರಣೆಯ ಹೆಸರು ಬಿದ್ದಿತು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಇಂದಿಗೂ ಹಾಗೆಯೇ ಇದೆ, ತಿದ್ದುಪಡಿಯ ಹೆಸರು ಪಕ್ಕದಲ್ಲಿ ಸೇರಿದೆ. ಪಂಪ, ರನ್ನರ ಪದಕೋಶ ಮಾಡುವವರು ೞ ಮತ್ತು ಱಗಳ ಸ್ಥಾನವನ್ನು ತಾವೇ ಬರೆದುಕೊಳ್ಳಬೇಕು.

ಪುಟಸಂಖ್ಯೆ, ವಚನದ ಸಂಖ್ಯೆಗಳು ಸ್ಟ್ರಿಂಗ್ ಆಗಿದ್ದರೆ ಅವಕ್ಕೂ ಕೀ ಬೇಕು. ["೯", "೧೦", "೨"] ಎಂಬುದನ್ನು ಹಾಗೆಯೇ ಸಾರ್ಟ್ ಮಾಡಿದರೆ ಹತ್ತು ಮೊದಲು ಬರುತ್ತದೆ, ಏಕೆಂದರೆ ಹೋಲಿಕೆ ನಡೆಯುವುದು ಮೊದಲ ಅಂಕಿಯಲ್ಲಿ. ಇಲ್ಲಿ ಹೊಸ ಫಂಕ್ಷನ್ ಬರೆಯುವ ಅಗತ್ಯವೂ ಇಲ್ಲ: ಪೈಥಾನಿನ ಇಂಟ್ ಕನ್ನಡದ ಅಂಕಿಗಳನ್ನು ನೇರವಾಗಿ ಓದಬಲ್ಲದು, ಅದನ್ನೇ ಕೀ ಎಂದು ಕೊಟ್ಟರೆ "೨", "೯", "೧೦" ಎಂದು ಸಾಲುಗೂಡುತ್ತವೆ. ಒಂದೇ ಪಟ್ಟಿಯಲ್ಲಿ "10" ಮತ್ತು "೯" ಬೆರೆತಿದ್ದರೂ ಅದು ಸರಿಯಾಗಿಯೇ ಜೋಡಿಸುತ್ತದೆ.